ಪತ್ತೆಯಾಗಿಲ್ಲ ಅಂದರೆ ಇಲ್ಲ ಅಂತಲ್ಲ

ನಮ್ಮ ಭಾವ ನನ್ನ ಅಂಗಡಿಗೆ ಅಂಗಿ ಹೊಲಿಸಲು ಬಂದರೆ ಅಳತೆ ಟೇಪನ್ನು ಮೊದಲು ತಾವೇ ಕೈಗೆತ್ತಿಕೊಳ್ಳುತ್ತಿದ್ದರು. ತುದಿಯ ತಗಡು ಸವೆದಿದೆಯೇ, ನಡುವೆ ಎಲ್ಲಾದರೂ ಹಿಗ್ಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ "ಹೂಂ, ಈಗ ತಗೋ" ಎಂದು ಕೈ ಅಗಲಿಸಿ ನಿಲ್ಲುತ್ತಿದ್ದರು. ನಾನು ಅವರ ಹೆಂಡತಿಯ ಒಡಹುಟ್ಟಿದ ತಮ್ಮ. ಮೀಸೆ ಬರುವ ಮೊದಲೇ ಟೇಪು ಹಿಡಿದವನು.

"ನನ್ನ ಮೇಲೂ ಅನುಮಾನವಾ ಭಾವ?"

"ನಿನ್ನ ಮೇಲಲ್ಲಯ್ಯಾ, ಟೇಪಿನ ಮೇಲೆ."

"ಟೇಪು ನನ್ನದೇ ಅಲ್ವಾ?"

"ಅದಕ್ಕೇ ನೋಡಿದ್ದು," ಎನ್ನುತ್ತಿದ್ದರು. ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ.

ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾವೆಲ್ಲ ನೋಡಿದ್ದೇವೆ. ಭಾವನಿಗೆ ಅದೇ ಉದ್ಯೋಗ, ಅದಕ್ಕೇ ಸಂಬಳ. ಆಹಾರದ ಕಲಬೆರಕೆ ಹಿಡಿಯುವ ಇಲಾಖೆಯಲ್ಲಿ ಅವರು ಇನ್ಸ್‌ಪೆಕ್ಟರ ಸಹಾಯಕ. ಇನ್ಸ್‌ಪೆಕ್ಟರುಗಳು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ಭಾವ ಮಾತ್ರ ಅಲ್ಲೇ ಬೇರು ಬಿಟ್ಟಿದ್ದರು. ಅಂಗಡಿಯಲ್ಲಿ ಎಣ್ಣೆಯೋ ಹಾಲೋ ಖಾರದ ಪುಡಿಯೋ ಅನುಮಾನ ಬಂದದ್ದರ ಮಾದರಿ ತೆಗೆಯುವುದು, ಅದನ್ನು ಬಾಟಲಿಗಳಿಗೆ ಪಾಲು ಮಾಡುವುದು, ಮುಚ್ಚಳ ಬಿಗಿದು ದಾರ ಸುತ್ತಿ, ಅರಗು ಕರಗಿಸಿ ಸುರಿದು, ಮೊಹರು ಒತ್ತುವುದು ಅವರ ಕೆಲಸ. ಒಂದು ಪಾಲು ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಉಳಿದದ್ದು, ನಾಳೆ ತಕರಾರು ಬಂದರೆ ಇರಲಿ ಎಂದು ಕಚೇರಿಯ ಬೀರುವಿಗೆ. ಇದೆಲ್ಲ ನಡೆಯುವಾಗ ಬೀದಿಯಲ್ಲಿ ಹೋಗುವ ಇಬ್ಬರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು. ಅವರಿಗೆ ಪಂಚರು ಎನ್ನುತ್ತಾರೆ. ನಡೆದದ್ದನ್ನು ಕಣ್ಣಾರೆ ಕಂಡೆವು ಎಂದು ಸಹಿ ಹಾಕುವವರು. ಪಂಚರಿಲ್ಲದ ಮಾದರಿ ಚರಂಡಿ ನೀರಿಗೆ ಸಮ ಎಂದು ಭಾವ ಹೇಳುತ್ತಿದ್ದರು. ಮಾರುಕಟ್ಟೆಯವರು ಅವರಿಗೆ ಅರಗಪ್ಪ ಎಂದು ಹೆಸರಿಟ್ಟಿದ್ದರು.

ಅರಗಪ್ಪನ ಚೀಲ ಹೊಲಿದವನು ನಾನು. ದಪ್ಪ ಕ್ಯಾನ್ವಾಸಿನ ಚೀಲ, ಒಳಗೆ ಜೇಬುಗಳ ಮೇಲೆ ಜೇಬು. ಅರಗಿನ ಕಡ್ಡಿಗೆ ಒಂದು, ದಾರದ ಉಂಡೆಗೆ ಒಂದು, ಹಿತ್ತಾಳೆಯ ಮೊಹರಿಗೆ ಒಂದು. ಹಾಲಿನ ಮಾದರಿ ದಾರಿಯಲ್ಲಿ ಕೆಡಬಾರದೆಂದು ಕಾನೂನೇ ಒಂದು ಔಷಧಿ ಹೇಳಿದೆಯಂತೆ, ಅದರ ಹನಿ ಬಿಡುವ ಪುಟ್ಟ ಶೀಷೆಗೆ ಎಡಬದಿಯಲ್ಲಿ ಒಂದು ಇಕ್ಕಟ್ಟಾದ ಜೇಬು. ಆ ಒಂದು ಜೇಬನ್ನು ನನ್ನಿಂದ ಮತ್ತೆ ಮತ್ತೆ ಬಿಚ್ಚಿಸಿ ಹೊಲಿಸಿದರು. "ಇನ್ನೂ ಸ್ವಲ್ಪ ಮೇಲೆ. ನನ್ನ ಬಲಗೈಯಲ್ಲಿ ಬಾಟಲಿ ಇರುತ್ತೆ, ಕಣ್ಣು ಅಂಗಡಿಯವನ ಮೇಲಿರುತ್ತೆ. ಎಡಗೈಗೆ ನೋಡದೇನೇ ಸಿಗಬೇಕು." ಮದುಮಗಳ ರವಿಕೆಗೂ ನಾನು ಅಷ್ಟು ತಲೆ ಕೆಡಿಸಿಕೊಂಡವನಲ್ಲ.

ಅವರ ಅನುಮಾನಕ್ಕೆ ಒಂದು ಕಥೆಯಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ಅಂಗಡಿಯಿಂದ ಮಾದರಿ ತೆಗೆದರು. ಅವನು ಬೇರೆ ಎಣ್ಣೆ ಬೆರೆಸುತ್ತಾನೆಂದು ಬೀದಿಗೆಲ್ಲ ಗೊತ್ತು. ಪ್ರಯೋಗಾಲಯದ ವರದಿ ಬಂತು: ಕಲಬೆರಕೆಯ ಅಂಶ ಪತ್ತೆಯಾಗಿಲ್ಲ. ಕೋರ್ಟಿನಲ್ಲಿ ಆ ಒಂದು ಮಾತು ಓದಿದ್ದೇ ತಡ, ವ್ಯಾಪಾರಿ ಬಿಡುಗಡೆಯಾದ. ಹೊರಗೆ ಮೆಟ್ಟಿಲ ಮೇಲೆ ನಿಂತು, "ಏನಪ್ಪಾ ಅರಗಪ್ಪ, ನನ್ನೆಣ್ಣೆ ಶುದ್ಧ ಅಂತ ಕೋರ್ಟೇ ಹೇಳ್ತಲ್ಲ," ಎಂದು ಎಲ್ಲರ ಮುಂದೆ ಭಾವನ ಬೆನ್ನು ತಟ್ಟಿದನಂತೆ.

ಭಾವ ಸೀದಾ ಪ್ರಯೋಗಾಲಯಕ್ಕೆ ಹೋದರು. ಪರೀಕ್ಷೆ ಮಾಡಿದ ಮೇಡಂ ಆಗಿನ್ನೂ ಚಿಕ್ಕ ವಯಸ್ಸಿನವರು, ಆದರೆ ತೂಕದ ಮಾತಿನವರು. "ನೋಡಿ, ನಮ್ಮ ಪರೀಕ್ಷೆಗೂ ಒಂದು ಮಿತಿ ಇದೆ," ಎಂದರಂತೆ. "ಅದಕ್ಕಿಂತ ಕಮ್ಮಿ ಬೆರೆಸಿದ್ರೆ ನಮ್ಮ ಕಣ್ಣಿಗೆ ಬೀಳಲ್ಲ. ಅದಕ್ಕೇ ನಾವು ಯಾವತ್ತೂ 'ಇಲ್ಲ' ಅಂತ ಬರೆಯಲ್ಲ. 'ಪತ್ತೆಯಾಗಿಲ್ಲ' ಅಂತ ಬರೀತೀವಿ. ಹುಡುಕಿದ್ವಿ, ಸಿಗಲಿಲ್ಲ, ಅಷ್ಟೇ. ಕೋರ್ಟಿನೋರು ಅದನ್ನ ಇಲ್ಲ ಅಂತ ಓದಿಕೊಂಡ್ರೆ ನಾವೇನು ಮಾಡೋಣ?"

ಭಾವ ಅಲ್ಲಿಂದ ಬರುವಾಗ ಬೇರೆಯೇ ಮನುಷ್ಯರಾಗಿ ಬಂದರು. ಮೇಡಂ ಹೇಳಿದ್ದು ಬಾಟಲಿಯ ಎಣ್ಣೆಯ ಮಾತು. ಭಾವ ಅದನ್ನು ಇಡೀ ಲೋಕಕ್ಕೆ ಹಚ್ಚಿದರು. ಪತ್ತೆಯಾಗಿಲ್ಲ ಅಂದರೆ ಇಲ್ಲ ಅಂತಲ್ಲ. ಪಕ್ಕದ ಮನೆಯವನು ಒಳ್ಳೆಯವನೇ? ಕೆಟ್ಟತನ ಪತ್ತೆಯಾಗಿಲ್ಲ. ಮಗ ಪರೀಕ್ಷೆಯಲ್ಲಿ ನಕಲು ಮಾಡಿಲ್ಲವೇ? ಪತ್ತೆಯಾಗಿಲ್ಲ. ನನಗೆ ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಎಲ್ಲರೂ "ಹುಡುಗಿಗೆ ಏನೂ ಕೊರತೆ ಇಲ್ಲ" ಎಂದು ಹೊಗಳುತ್ತಿದ್ದರೆ ಇವರು ಗಂಟಲು ಸರಿಮಾಡಿಕೊಂಡು, "ಪತ್ತೆಯಾಗಿಲ್ಲ ಅನ್ನಿ," ಎಂದರು. ಆ ಮಾತನ್ನು ನನ್ನ ಹೆಂಡತಿ ಇವತ್ತಿಗೂ ಮರೆತಿಲ್ಲ. ಮರೆತಿರುವುದು ಪತ್ತೆಯಾಗಿಲ್ಲ, ಅಷ್ಟೇ.

ಮನೆಯಲ್ಲಿ ಸಕ್ಕರೆ ಡಬ್ಬಿಗೆ ದಾರ ಸುತ್ತಿ ತಮ್ಮದೇ ಒಂದು ಗಂಟು ಹಾಕುತ್ತಿದ್ದರು. ಬೇರೆ ಯಾರು ಬಿಚ್ಚಿದರೂ ಮತ್ತೆ ಹಾಗೇ ಕಟ್ಟಲಾಗದ ಗಂಟು. ಅಕ್ಕ ಮದುವೆಯಾದ ವರ್ಷದಲ್ಲೇ ಆ ಗಂಟು ಕಲಿತಳು. ಬಿಚ್ಚುವಳು, ಬೇಕಾದಷ್ಟು ತೆಗೆಯುವಳು, ಹಾಗೇ ಕಟ್ಟಿಡುವಳು. ಭಾವ ದಿನಾ ಗಂಟು ನೋಡಿ ತೃಪ್ತಿಪಡುತ್ತಿದ್ದರು. "ಹೇಳಿಬಿಡೇ," ಎಂದು ನಾನೊಮ್ಮೆ ಅಂದರೆ, "ಯಾಕೋ ಪಾಪ, ಅವರಿಗೆ ನಂಬೋಕೆ ಅದೊಂದಾದ್ರೂ ಇರ್ಲಿ ಬಿಡು," ಎಂದಳು. ಇಂಥ ಗಂಡನ ಜೊತೆ ಬಾಳಿದ್ದಕ್ಕೆ ಅವಳಿಗೆ ಯಾರೂ ಪದಕ ಕೊಡಲಿಲ್ಲ.

ನಿವೃತ್ತಿಯಾದ ದಿನ ಭಾವ ಮೊಹರನ್ನು ಕಚೇರಿಗೆ ಒಪ್ಪಿಸಿ, ಚೀಲವನ್ನು ಮಾತ್ರ ಮನೆಗೆ ತಂದು ತಮ್ಮ ಮಂಚದ ಪಕ್ಕದ ಗೂಟಕ್ಕೆ ನೇತುಹಾಕಿದರು. ಚೀಲದೊಳಗೆ ಉಳಿದದ್ದೆಲ್ಲ ಹಾಗೇ ಇತ್ತು.

ಅದೇ ಹೊತ್ತಿಗೆ ಮಗನಿಗೆ ಮದುವೆಯಾಯಿತು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಇಂಜಿನ್ನಿನ ಸದ್ದು ಬಿಟ್ಟರೆ ಬೇರಾವುದಕ್ಕೂ ಕಿವಿಗೊಡದವನು. ಸೊಸೆ ಒಂದು ಕಾಲೇಜಿನಲ್ಲಿ, ಜೀವಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಗಾಜಿನ ಜಾಡಿಗಳಲ್ಲಿ ಸತ್ತ ಕಪ್ಪೆ, ಹಾವು, ಮೀನು ಕೆಡದಂತೆ ಇಟ್ಟಿರುತ್ತಾರಲ್ಲ, ಅವುಗಳ ದ್ರವ ಬದಲಾಯಿಸುವುದು, ಪಾಠಕ್ಕೆ ಹೊಂದಿಸಿಡುವುದು ಅವಳ ಕೆಲಸ. ಬಾಯಿ ತುಂಬ ನಗುವ ಹುಡುಗಿ. ಮಾವನ ಮಾತನ್ನು ಬಂದ ವಾರದಲ್ಲೇ ಕಲಿತುಬಿಟ್ಟಳು. "ಸೊಪ್ಪಿನಲ್ಲಿ ಹುಳ ಇದೆಯೇನೇ?" ಎಂದು ಅಕ್ಕ ಕೇಳಿದರೆ ಅಡುಗೆಮನೆಯಿಂದ "ಪತ್ತೆಯಾಗಿಲ್ಲ ಅತ್ತೇ!" ಎಂದು ಕೂಗುತ್ತಿದ್ದಳು. ಮನೆಯೆಲ್ಲ ನಗುತ್ತಿತ್ತು. ಭಾವ ನಗುತ್ತಿರಲಿಲ್ಲ, ಮಾತನ್ನು ಸರಿಯಾಗಿ ಬಳಸಿದ್ದಾಳೆ ಎಂಬಂತೆ ತಲೆಯಾಡಿಸುತ್ತಿದ್ದರು.

ಕೆಲಸದಿಂದ ಬಂದವಳು ಕೈಕಾಲು ತೊಳೆದು, ಹಾಲು ಕಾಯಿಸಿ, ಒಂದು ಲೋಟ ಮಾವನಿಗೆ ತಂದಿಡುವುದು ಅವಳೇ ಮಾಡಿಕೊಂಡ ಪದ್ಧತಿ. ಒಂದು ಸಂಜೆ ಭಾವ ಲೋಟ ತೆಗೆದುಕೊಳ್ಳುವಾಗ ಅವಳ ಕೈಯ ಕಡೆ ಮೂಗು ಹಿಗ್ಗಿಸಿದರು.

"ಇದೇನಮ್ಮ ವಾಸನೆ?"

"ಜಾಡಿಯದು ಮಾವ. ಫಾರ್ಮಾಲಿನ್. ಎಷ್ಟು ಸೋಪು ಹಾಕಿ ತೊಳೆದ್ರೂ ಹೋಗಲ್ಲ."

ಮಾರನೆಯ ದಿನ ಅವರು ನನ್ನ ಅಂಗಡಿಗೆ ಬಂದು ಹೊಲಿಗೆ ಯಂತ್ರದ ಪಕ್ಕ ಕುರ್ಚಿ ಎಳೆದುಕೊಂಡರು. "ಆ ವಾಸನೆ ನನಗೆ ಗೊತ್ತಯ್ಯಾ. ಹಾಲು ಕೆಡಬಾರದು ಅಂತ ಕಳ್ಳ ಹಾಲಿನೋರು ಅದನ್ನೇ ಹಾಕ್ತಾರೆ. ಹೆಣ ಕೆಡದೆ ಇರೋಕೆ ಹಾಕೋದೂ ಅದೇ. ಬೆಳ್ಳಗಿರೋದೆಲ್ಲ ಹಾಲಲ್ಲ."

"ಭಾವ, ಅವಳ ಕೆಲಸವೇ ಅದು. ನನ್ನ ಕೈ ಮೂಸಿ, ಯಂತ್ರದ ಎಣ್ಣೆ ವಾಸನೆ ಬರುತ್ತೆ. ಹಾಗಂತ ನಿಮ್ಮ ಪ್ಯಾಂಟಿಗೆ ಎಣ್ಣೆ ಸುರಿದಿದ್ದೀನಾ?"

"ಪತ್ತೆಯಾಗಿಲ್ಲ," ಎಂದು ಎದ್ದು ಹೋದರು. ನನಗೆ ಕೆಂಡದಂಥ ಕೋಪ ಬಂತು. ಆ ದಿನ ಒಂದು ತೋಳನ್ನು ಉಲ್ಟಾ ಹೊಲಿದೆ.

ಆಮೇಲೆ ಅವರ ಹೊಟ್ಟೆ ಉರಿಯಲು ಶುರುವಾಯಿತು. ಸುಳ್ಳಲ್ಲ, ನಿಜವಾದ ಉರಿ, ರಾತ್ರಿಯೆಲ್ಲ ಹೊರಳಾಡುತ್ತಿದ್ದರು. ಡಾಕ್ಟರು ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿ, "ಹುಣ್ಣು ಗಿಣ್ಣು ಏನೂ ಕಾಣ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಯೋಚನೆ ಬಿಡಿ," ಎಂದರು. ಕಾಣುತ್ತಿಲ್ಲ ಎಂಬ ಮಾತನ್ನು ಯಾರ ಮುಂದೆ ಆಡುತ್ತಿದ್ದೇನೆಂದು ಪಾಪ ಆ ಡಾಕ್ಟರಿಗೆ ಗೊತ್ತಿರಲಿಲ್ಲ. ಭಾವ ಮನೆಯ ಊಟವನ್ನು ಬಹುಪಾಲು ಬಿಟ್ಟರು. ಸಿಪ್ಪೆ ಇರುವ ಬಾಳೆಹಣ್ಣು, ಪ್ಯಾಕೆಟ್ಟಿನ ಬಿಸ್ಕತ್ತು, ಇಷ್ಟೇ. ಹೊಟ್ಟೆ ಖಾಲಿಯಾದಷ್ಟೂ ಉರಿ ಹೆಚ್ಚಿತು, ಉರಿ ಹೆಚ್ಚಿದಷ್ಟೂ ಅನುಮಾನ ಬಲಿಯಿತು. ಸೊಸೆ ತಂದಿಟ್ಟ ಹಾಲನ್ನು ಅವಳು ಅತ್ತ ತಿರುಗಿದೊಡನೆ ಗಿಡದ ಕುಂಡಕ್ಕೆ ಸುರಿಯುತ್ತಿದ್ದರಂತೆ. ಗಿಡ ಚೆನ್ನಾಗಿಯೇ ಬೆಳೆಯುತ್ತಿತ್ತು. ಅದನ್ನು ಅವರು ಗಮನಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಅಂಗಡಿಯ ಬಾಗಿಲಿಗೇ ಬಂದಳು. ಚಪ್ಪಲಿ ಒಂದು ಕಾಲಿಗೆ ಅವಳದು, ಇನ್ನೊಂದಕ್ಕೆ ಸೊಸೆಯದು. "ಲೋ, ಬಾರೋ ಬೇಗ. ನಿಮ್ಮ ಭಾವ ಮನೆಗೆ ಬೆಂಕಿ ಇಟ್ಟಿದ್ದಾರೆ."

ನಾನು ನಿಜವಾದ ಬೆಂಕಿಯೆಂದೇ ಓಡಿದೆ. ಮುಂದಿನ ಕೋಣೆಯಲ್ಲಿ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋರ್ಟಿಗೆ ಹೊರಟವರಂತೆ ಕೂತಿದ್ದರು. ಮಗ ಗೋಡೆಗೆ ಒರಗಿ ನಿಂತಿದ್ದ. ಸೊಸೆ ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು.

"ಸರಿಯಾದ ಹೊತ್ತಿಗೆ ಬಂದೆ. ಪಂಚ ಒಬ್ಬ ಬೇಕಿತ್ತು," ಎಂದರು ಭಾವ. ಆಮೇಲೆ ಒಂದೊಂದೇ ಹೇಳಿದರು. ವಾರದ ಹಿಂದೆ ಸೊಸೆ ತಂದಿಟ್ಟ ಹಾಲನ್ನು ಯಾರಿಗೂ ತಿಳಿಯದಂತೆ ತಮ್ಮ ಕೋಣೆಯಲ್ಲಿ ಬಾಟಲಿಗೆ ತುಂಬಿ ಅರಗು ಹಾಕಿದ್ದಾರೆ. ಹಳೆಯ ಮೇಡಂ ಈಗ ನಿವೃತ್ತರಾಗಿ ಸ್ವಂತ ಲ್ಯಾಬು ನಡೆಸುತ್ತಾರೆ, ಅವರಿಗೆ ತಾವೇ ಕೊಂಡೊಯ್ದು ಕೊಟ್ಟಿದ್ದಾರೆ. ನಿನ್ನೆ ಮೇಡಂ ಫೋನಿನಲ್ಲಿ ಉತ್ತರ ಹೇಳಿದ್ದಾರೆ.

"ಫಾರ್ಮಾಲಿನ್," ಎಂದರು ಭಾವ. "ಪತ್ತೆಯಾಗಿದೆ."

ಅಷ್ಟು ವರ್ಷ ಅವರ ಬಾಯಲ್ಲಿ 'ಪತ್ತೆಯಾಗಿಲ್ಲ' ಕೇಳಿ ಕೇಳಿ ಸಾಕಾಗಿದ್ದ ನನಗೆ ಆ ಮಾತು ಎದೆಗೆ ಬಂದು ಬಡಿಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣು ಮೊದಲು ಹೋದದ್ದು ಸೊಸೆಯ ಕೈಗಳ ಕಡೆಗೆ. ಮಗನ ಕಣ್ಣು ಅಪ್ಪನ ಕಡೆಗೆ ಹೋಯಿತು. ಅಕ್ಕ, "ಹಾಲಿನೋನು ಹಾಕಿರಬಹುದಲ್ರೀ," ಎಂದು ಗೊಣಗಿದಳು. ಅನುಮಾನ ಎನ್ನುವುದು ಕೆಮ್ಮಿನ ಹಾಗೆ, ಒಬ್ಬರಿಗೆ ಬಂದರೆ ಕೋಣೆಯಲ್ಲಿ ಇದ್ದವರಿಗೆಲ್ಲ.

"ಹಾಲಿನೋನು ಹಾಕಿದ್ರೆ ಎಲ್ಲರ ಹೊಟ್ಟೆನೂ ಉರೀಬೇಕಿತ್ತು," ಎಂದರು ಭಾವ. "ಈ ಮನೇಲಿ ಆ ಪದಾರ್ಥ ಯಾರ ಕೈಗೆ ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ನಾಳೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ಅವಳ ಕಾಲೇಜಿಗೂ ಹೋಗ್ತೀನಿ."

"ಅಪ್ಪಾ, ಹೋದ್ರೆ ಅವಳ ಕೆಲಸ ಹೋಗುತ್ತೆ. ಊರಲ್ಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ ಆಮೇಲೆ? ನಾವು ಇವತ್ತೇ ಬೇರೆ ಮನೆ ಮಾಡ್ತೀವಿ," ಎಂದ ಮಗ.

"ಬೇರೆ ಮನೆ ಯಾಕೆ?" ಎಂದಳು ಸೊಸೆ. "ಈಗ ಹೋದ್ರೆ ವಿಷ ಹಾಕಿ ಓಡಿಹೋದೋಳು ಅಂತಾರೆ. ಮಾವ, ಅದು ಎಂಥದ್ದು ಅಂತ ನಿಮಗೆ ಗೊತ್ತಲ್ಲ? ಜಾಡಿ ಮುಚ್ಚಳ ತೆಗೆದ್ರೆ ಕಣ್ಣಲ್ಲಿ ನೀರು ಬರುತ್ತೆ. ದಿನಾ ಹಾಲಿಗೆ ಹಾಕಿದ್ರೆ ನಿಮ್ಮ ಮೂಗಿಗೆ ತಿಳೀತಿರಲಿಲ್ವಾ? ಇರ್ಲಿ. ಆ ಮಾದರಿ ತೆಗೆದಾಗ ಪಂಚರು ಯಾರಿದ್ರು?"

ಪಂಚರಿಲ್ಲದ ಮಾದರಿ ಚರಂಡಿ ನೀರು ಎನ್ನುತ್ತಿದ್ದವರೇ ಭಾವ. ಈಗ, "ಯಾರನ್ನ ಕರೀಲಿ? ಎಲ್ಲರೂ ಇದೇ ಮನೇಲಿ ಉಣ್ಣೋರು," ಎಂದರು. ಎಂದರೆ, ಹೆಂಡತಿ, ಮಗ, ನಾನು, ನಮ್ಮೆಲ್ಲರ ಮೇಲೂ ಅನುಮಾನವಿತ್ತು. ಆ ಕ್ಷಣ ನಾನು ಎದ್ದು ಹೊರಟುಬಿಡುತ್ತಿದ್ದೆ. ಅಕ್ಕ ತೋಳು ಹಿಡಿದು ಕೂರಿಸಿದಳು.

"ಹಾಗಾದ್ರೆ ಈಗ ತೆಗೀರಿ," ಎಂದಳು ಸೊಸೆ. "ಎಲ್ಲರ ಮುಂದೆ. ನಾನು ಈ ಬಾಗಿಲು ಬಿಟ್ಟು ಒಂದು ಹೆಜ್ಜೆ ಇಡಲ್ಲ. ಟೈಲರ್ ಮಾವ ಹೋಗಿ ಅಂಗಡಿಯಿಂದ ನಾವು ದಿನಾ ತರೋ ಹಾಲಿನ ಪ್ಯಾಕೆಟ್ಟೇ ತರ್ಲಿ. ನೀವೇ ಕತ್ತರಿಸಿ, ನೀವೇ ತುಂಬಿ, ನೀವೇ ಅರಗು ಹಾಕಿ. ಅದರಲ್ಲೂ ಸಿಕ್ಕಿದ್ರೆ ಹಾಲಿನೋನು ಕಳ್ಳ. ಸಿಗದಿದ್ರೆ ನಾನೇ ಕಳ್ಳಿ. ನಿಮ್ಮ ಜೊತೆ ಸ್ಟೇಷನ್ನಿಗೆ ನಾನೇ ಬರ್ತೀನಿ."

ಇದು ನ್ಯಾಯವಾದ ಮಾತೆಂದು ಭಾವ ಒಪ್ಪಿದರು. ನಾನು ಪ್ಯಾಕೆಟ್ ತರಲು ಹೋದೆ. ದಾರಿಯಲ್ಲಿ ನನ್ನ ತಲೆ ಕೆಟ್ಟಿತ್ತು. ಅಂಗಡಿಯವನು ಕೊಟ್ಟ ಪ್ಯಾಕೆಟ್ಟನ್ನು ತಿರುಗಿಸಿ, ಅಂಚನ್ನು ಹಿಂಡಿ, ತೂತು ಇದೆಯೇ ಎಂದು ನೋಡಿದೆ. "ಏನಣ್ಣಾ, ನೀನೂ ಅರಗಪ್ಪ ಆಗ್ಬಿಟ್ಟೆಯಾ?" ಎಂದು ಅವನು ನಕ್ಕ.

ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದರು. ಭಾವ ಚೀಲವನ್ನು ಗೂಟದಿಂದ ತಂದು ಹೆಗಲಿಗೆ ಹಾಕಿಕೊಂಡರು. ಹಾಕಿಕೊಂಡದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು, ಹೊಟ್ಟೆಯ ಉರಿ ಮರೆತುಹೋಯಿತು. ಪ್ಯಾಕೆಟ್ ಕತ್ತರಿಸಿ ಪಾತ್ರೆಗೆ ಸುರಿದು, ಚಮಚದಿಂದ ಚೆನ್ನಾಗಿ ಕದಡಿ, ತೊಳೆದೊಣಗಿಸಿದ ಬಾಟಲಿಗೆ ತುಂಬಿದರು. ಕೈ ಒಂದಿಷ್ಟೂ ಅಲುಗಲಿಲ್ಲ, ಹೊರಗೆ ಒಂದು ತೊಟ್ಟು ಚೆಲ್ಲಲಿಲ್ಲ. ನನ್ನ ಕೋಪದ ನಡುವೆಯೂ, ಕೆಲಸ ಬಲ್ಲವನ ಕೈ ನೋಡುವುದೇ ಒಂದು ಚಂದ ಅನಿಸಿತು. ಕಣ್ಣು ಮಾತ್ರ ಬಾಟಲಿಯ ಮೇಲಿರಲಿಲ್ಲ. ಅಂಗಡಿಯವನನ್ನು ನೋಡುವ ಹಾಗೆ ಸೊಸೆಯ ಮೇಲೇ ನೆಟ್ಟಿತ್ತು.

ಬಲಗೈಯಲ್ಲಿ ಬಾಟಲಿ. ಎಡಗೈ ಚೀಲದೊಳಗೆ ಹೋಯಿತು. ನಾನು ಬಿಚ್ಚಿ ಬಿಚ್ಚಿ ಹೊಲಿದಿದ್ದ ಆ ಜೇಬಿನಿಂದ ಪುಟ್ಟ ಶೀಷೆ ಹೊರಬಂತು. ಹೆಬ್ಬೆರಳೇ ಮುಚ್ಚಳ ತಿರುಗಿಸಿತು. ಹಾಲಿನೊಳಗೆ ಹನಿ ಬಿತ್ತು, ಮತ್ತೊಂದು ಬಿತ್ತು, ಇನ್ನೂ ಒಂದು. ಶೀಷೆ ಜೇಬಿನೊಳಕ್ಕೆ ಹೋಗಿಬಿಟ್ಟಿತು. ಭಾವ ಬಾಟಲಿಯ ಮುಚ್ಚಳ ಬಿಗಿದು, ದಾರ ಸುತ್ತಿ, ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದರು. ಕಣ್ಣಿಗೆ ಚುಚ್ಚುವಂಥ ಒಂದು ವಾಸನೆ ಮೇಜಿನ ಮೇಲಿಂದ ಎದ್ದಿತು.

ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮಗ ಗೋಡೆ ಬಿಟ್ಟು ಮುಂದೆ ಬಂದ.

"ಮಾವ," ಎಂದಳು ಸೊಸೆ ಮೆಲ್ಲಗೆ. "ಈಗ ಅದಕ್ಕೆ ಏನು ಹಾಕಿದ್ರಿ?"

"ಎಲ್ಲಿ? ಏನೂ ಹಾಕಿಲ್ಲ."

"ಹನಿ ಹಾಕಿದ್ರಿ ಮಾವ."

"ನಾನ್ಯಾಕೆ ಹಾಕ್ಲಿ?" ಎಂದು ಅವರು ರೇಗಿದರು. ನಾಟಕವಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ನನ್ನ ಕಡೆ ತಿರುಗಿ, "ನೀನು ಹೇಳಯ್ಯಾ, ಪಂಚ ನೀನು. ನಾನೇನಾದ್ರೂ ಹಾಕಿದ್ನಾ?" ಎಂದರು.

ನಾನು ಎದ್ದು ಹೋಗಿ ಅವರ ಎಡಗೈಯನ್ನು ಹಿಡಿದು ಅವರ ಮೂಗಿನ ಹತ್ತಿರ ಒಯ್ದೆ.

ಭಾವ ಮೂಸಿದರು. ಚೀಲದ ಜೇಬಿನಿಂದ ಶೀಷೆಯನ್ನು ತಾವೇ ತೆಗೆದು ಬೆಳಕಿಗೆ ಹಿಡಿದು ನೋಡಿದರು, ನನ್ನ ಟೇಪನ್ನು ನೋಡುತ್ತಿದ್ದ ಹಾಗೆ. ಅದರ ಚೀಟಿ ಎಂದೋ ಸವೆದುಹೋಗಿತ್ತು. ಅದೇ ಔಷಧಿ, ಫಾರ್ಮಾಲಿನ್. ಹಾಲಿನವನು ಹಾಕಿದರೆ ಅಪರಾಧ, ಇಲಾಖೆಯವರು ಹಾಕಿದರೆ ಕಾನೂನು. ನೌಕರಿಯುದ್ದಕ್ಕೂ ಹಾಲು ಕಂಡಾಗಲೆಲ್ಲ ಹನಿ ಬಿಟ್ಟ ಕೈ, ಮನೆಯ ಹಾಲಿಗೂ ಬಿಟ್ಟಿತ್ತು. ನೌಕರಿ ಮುಗಿಯಿತೆಂದು ಆ ಕೈಗೆ ಯಾರೂ ಹೇಳಿರಲಿಲ್ಲ. ಅರಗಿನ ಕಡ್ಡಿ ಬತ್ತಿಯ ಮೇಲೆ ಕರಗಿ ಕರಗಿ ಪತ್ರಿಕೆಯ ಮೇಲೆ ಕೆಂಪಗೆ ಸುರಿಯುತ್ತಿತ್ತು. ಮಗ ಅದನ್ನು ಅವರ ಕೈಯಿಂದ ತೆಗೆದುಕೊಂಡು ಆರಿಸಿದ.

"ಮೇಡಂ ಕೇಳಿದ್ರು," ಎಂದರು ಭಾವ. "ನೀವೇನೂ ಹಾಕಿಲ್ಲ ತಾನೇ ಅಂತ ಕೇಳಿದ್ರು. ಮನೆ ಹಾಲಿಗೆ ನಾನ್ಯಾಕೆ ಹಾಕ್ಲಿ ಅಂದೆ. ಆಮೇಲೂ ಹೇಳಿದ್ರು. ಇದೆ ಅಂತ ಮಾತ್ರ ಹೇಳಬಲ್ಲೆ, ಯಾರು ಹಾಕಿದ್ರು, ಯಾವಾಗ ಹಾಕಿದ್ರು ಅನ್ನೋದು ನನ್ನ ಪರೀಕ್ಷೆಗೆ ಗೊತ್ತಾಗಲ್ಲ ಅಂದ್ರು. ನಾನು ಕೇಳಿಸ್ಕೊಳ್ಳಲಿಲ್ಲ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಜೀವನವಿಡೀ ಎಲ್ಲರನ್ನೂ ಪ್ರಮಾಣಿಸಿ ನೋಡಿದ ಮನುಷ್ಯ, ಒಂದೇ ಒಂದು ಸಲವೂ ತಮ್ಮ ಕೈಯನ್ನು ನೋಡಿಕೊಂಡಿರಲಿಲ್ಲ. 'ಪತ್ತೆಯಾಗಿಲ್ಲ' ಅಂದರೆ 'ಇಲ್ಲ' ಅಲ್ಲ ಎಂದು ಕಲಿತಿದ್ದರು. 'ಪತ್ತೆಯಾಗಿದೆ' ಅಂದರೆ 'ಇವಳೇ ಮಾಡಿದ್ದು' ಅಲ್ಲ ಎಂಬ ಉಳಿದರ್ಧವನ್ನು ಯಾರಾದರೂ ಕಲಿಸಿದ್ದರೂ ಅವರು ಕಲಿಯುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಅವರು ಎದ್ದು ಸೊಸೆಯ ಮುಂದೆ ಹೋಗಿ ನಿಂತರು. "ತಪ್ಪಾಯ್ತು ಕಣಮ್ಮಾ," ಎಂದರು. ಅವರ ಬಾಯಿಂದ ಆ ಮಾತನ್ನು ಅಕ್ಕ ಕೇಳಿದ್ದು ಅದೇ ಮೊದಲು. ಸೊಸೆ ಒದ್ದೆ ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಹರವಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಗ ಸೊಸೆ ಬೇರೆ ಮನೆ ಮಾಡಲಿಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಮೊದಲಿನ ಹಾಗೇ ಇತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಸಂಜೆ ಸೊಸೆ ಮಾವನಿಗೆ ಲೋಟದಲ್ಲಿ ಹಾಲು ತರಲಿಲ್ಲ. ಒಂದು ಸಣ್ಣ ಪ್ಯಾಕೆಟ್ಟನ್ನು ಒಡೆಯದೆ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕತ್ತರಿ ಇಡುತ್ತಿದ್ದಳು. "ನೀವೇ ಕತ್ತರಿಸಿಕೊಳ್ಳಿ ಮಾವ," ಎಂದು ಮರ್ಯಾದೆಯಿಂದಲೇ ಹೇಳುತ್ತಿದ್ದಳು. ಭಾವ ಬೇಡವೆಂದರೂ ಕೇಳಲಿಲ್ಲ. ಅವರ ತಟ್ಟೆಗೆ ತಾನು ಬಡಿಸುತ್ತಲೂ ಇರಲಿಲ್ಲ. ಅತ್ತೆಯನ್ನು ಕರೆದು ಬಡಿಸಲು ಹೇಳುತ್ತಿದ್ದಳು. ಎಚ್ಚರ ವಹಿಸುತ್ತಿದ್ದವರು ಹಿಂದೆ ಅವರು, ಈಗ ಅವಳು. ಊಟ ಹೊತ್ತಿಗೆ ಸರಿಯಾಗಿ ಸಾಗಿದ್ದರಿಂದ ಭಾವನ ಹೊಟ್ಟೆಯ ಉರಿ ಮಾತ್ರ ತಾನಾಗಿ ಇಳಿಯಿತು.

ಕೆಲವು ವಾರ ಕಳೆದ ಮೇಲೆ ಅವರು ಚೀಲ ಹಿಡಿದು ನನ್ನ ಅಂಗಡಿಗೆ ಬಂದರು. ಒಳಗಿನದೆಲ್ಲ ಖಾಲಿ ಮಾಡಿದ್ದರು. "ಆ ಎಡಗಡೆ ಜೇಬು ಬಿಚ್ಚಿಬಿಡಯ್ಯಾ," ಎಂದರು. ನಾನು ಬ್ಲೇಡಿನಿಂದ ಹೊಲಿಗೆ ಬಿಡಿಸುತ್ತಿದ್ದಾಗ ಟೇಪು ಅವರ ಎದುರಿಗೇ ಇತ್ತು. ಮುಟ್ಟಲಿಲ್ಲ.

"ಮನೆ ತನಕ ಬರ್ತೀಯಾ?" ಎಂದರು ಆಮೇಲೆ. "ಒಂದು ಮಾತು ಕೇಳಬೇಕು ಅವಳನ್ನ. ಪಕ್ಕದಲ್ಲಿ ಒಬ್ಬರಿರ್ಲಿ."

ಹೋದೆವು. ಸೊಸೆ ಆಗತಾನೆ ಕೆಲಸದಿಂದ ಬಂದು ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದಳು. ಮೇಜಿನ ಮೇಲೆ ಎಂದಿನ ಹಾಗೆ ಪ್ಯಾಕೆಟ್ಟು, ಪಕ್ಕದಲ್ಲಿ ಕತ್ತರಿ. ಭಾವ ತಮ್ಮ ಲೋಟ ಹಿಡಿದು ಬಾಗಿಲಲ್ಲಿ ನಿಂತರು. ಲೋಟವನ್ನು ಅವಳ ಕಡೆಗೆ ಚಾಚಿದರು.

"ನಿನ್ನ ಕೈಯಾರೆ ಕೊಡಮ್ಮಾ ಇವತ್ತು," ಎಂದರು. "ಇನ್ನೂ ನನ್ನ ಮೇಲೆ ಸಿಟ್ಟಿದೆಯಾ?"

ಸೊಸೆ ನಲ್ಲಿ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಅವರನ್ನೇ ನೋಡಿದಳು. ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು ನಾನು ಕಾದೆ.

"ಪತ್ತೆಯಾಗಿಲ್ಲ, ಮಾವ," ಎಂದಳು.

ಭಾವ ತಲೆಯಾಡಿಸಿದರು. ಮೇಜಿನ ಹತ್ತಿರ ಬಂದು, ಕತ್ತರಿ ತೆಗೆದುಕೊಂಡು ಪ್ಯಾಕೆಟ್ಟಿನ ಮೂಲೆಯನ್ನು ತಾವೇ ಕತ್ತರಿಸಿದರು.